ಒಂದೇ ಸ್ಕ್ಯಾನ್, ಎರಡು ಮಾತು

ನಮ್ಮ ಸೋಲಾಪುರ, ಅಕ್ಕಲಕೋಟ ಕಡೆಯ ಮನೆತನಗಳಲ್ಲಿ ದೊಡ್ಡ ಕಾಯಿಲೆ ಬಂದರೆ ಪುಣೆಯಲ್ಲೊಬ್ಬರನ್ನು, ಮುಂಬಯಿಯಲ್ಲೊಬ್ಬರನ್ನು ಕೇಳುವ ರೂಢಿಯಿದೆ. ಒಳ್ಳೆಯದೇ. ಆದರೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಒಬ್ಬ ಸರ್ಜನ್ನರು "ಆಪರೇಷನ್ ಆಗದು" ಎಂದು, ಇನ್ನೊಬ್ಬರು "ಕೆಲವು ತಿಂಗಳು ಔಷಧಿ ಕೊಟ್ಟು ನೋಡೋಣ, ಆಮೇಲೆ ತೆಗೆಯಬಹುದು" ಎಂದು ಹೇಳಿದರೆ ಮನೆಯವರು ಕಂಗಾಲಾಗುತ್ತಾರೆ. ಮೊದಲಿನವರಿಗೆ ವಿದ್ಯೆ ಸಾಲದು, ಇಲ್ಲವೇ ಎರಡನೆಯವರಿಗೆ ದುಡ್ಡಿನಾಸೆ ಎಂದುಕೊಳ್ಳುತ್ತಾರೆ. ನಾವು ಮ್ಯಾಟ್ರಿಕ್ ಓದಿದ ಅಂಗಡಿಕಾರರು, ವೈದ್ಯರಲ್ಲ. ಆದರೂ ಕೇಳಿ, ಓದಿ ತಿಳಿದ ಮಟ್ಟಿಗೆ ಈ ಭಿನ್ನಾಭಿಪ್ರಾಯ ಬಹಳ ಸಲ ಪ್ರಾಮಾಣಿಕವಾದದ್ದೇ.

ಈ ಗ್ರಂಥಿ ಇರುವುದು ಜಠರದ ಹಿಂದೆ. ಕರುಳಿಗೂ ಯಕೃತ್ತಿಗೂ ರಕ್ತ ಒಯ್ಯುವ ದೊಡ್ಡ ನಾಳಗಳು ಅದಕ್ಕೆ ಅಂಟಿಕೊಂಡೇ ಹೋಗುತ್ತವೆ. ಗಡ್ಡೆ ಗ್ರಂಥಿಯೊಳಗೇ ಇದ್ದರೆ ತೆಗೆಯಬಹುದು. ನ್ಯೂಯಾರ್ಕಿನ ವಿಪ್ಪಲ್ ಎಂಬ ಸರ್ಜನ್ನರು 1935ರಲ್ಲಿ ವರದಿ ಮಾಡಿದ ಆಪರೇಷನ್ನಿಗೆ ಇಂದಿಗೂ ಅವರದೇ ಹೆಸರು. ರೋಗ ಬೇರೆ ಅಂಗಕ್ಕೆ ಹರಡದಿದ್ದರೂ, ಗಡ್ಡೆ ಕಂಬಕ್ಕೆ ಬಳ್ಳಿ ಸುತ್ತಿದಂತೆ ಅಪಧಮನಿಯನ್ನು ಅರ್ಧಕ್ಕಿಂತ ಹೆಚ್ಚು ಸುತ್ತಿದ್ದರೆ ತೊಡಕು. ಅಭಿಧಮನಿಯ ತುಂಡನ್ನು ಕತ್ತರಿಸಿ ಜೋಡಿಸುವುದು ನುರಿತವರಿಗೆ ರೂಢಿ. ಅಪಧಮನಿಯನ್ನು ಹಾಗೆ ಮಾಡಿದರೆ ಪ್ರಾಣಾಪಾಯ ಬಹಳ ಹೆಚ್ಚು.

ಹಿಂದೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. 2011ರಲ್ಲಿ ಫ್ರಾನ್ಸಿನ ವೈದ್ಯರು, ರೋಗ ಹರಡಿದವರಲ್ಲಿ ಫಾಲ್ಫಿರಿನಾಕ್ಸ್ ಎಂಬ ಔಷಧಿಗಳ ಕೂಟದಿಂದ ಆಯುಸ್ಸಿನ ಮಧ್ಯಮಾಂಕ 6.8 ತಿಂಗಳಿಂದ 11.1 ತಿಂಗಳಿಗೇರಿತೆಂದು ತೋರಿಸಿದರು. ಅದನ್ನೇ ನಾಳ ಸುತ್ತಿದ ಗಡ್ಡೆಗೂ ಕೊಡಲಾರಂಭಿಸಿದರು. ಜಗಳ ಹುಟ್ಟಿದ್ದು ಇಲ್ಲಿಂದ. ಔಷಧಿ ಮುಗಿದ ಮೇಲೂ ಸ್ಕ್ಯಾನಿನಲ್ಲಿ ನಾಳದ ಸುತ್ತ ನೆರಳು ಕಾಣುತ್ತದೆ. ಅದು ಜೀವಂತ ಗಡ್ಡೆಯೋ, ಸತ್ತ ಗಡ್ಡೆಯ ಕಲೆಯೋ ಸ್ಕ್ಯಾನಿಗೆ ಗೊತ್ತಾಗದು. ಸ್ಕ್ಯಾನ್ ಬೇಡವೆಂದರೂ ಹಲವರಲ್ಲಿ ಗಡ್ಡೆ ಪೂರ್ತಿ ತೆಗೆಯಲು ಬಂತೆಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 2015ರಲ್ಲಿ ಬರೆದರು. ಜರ್ಮನಿಯ ಹೈಡಲ್‌ಬರ್ಗಿನವರು ಅಪಧಮನಿಯನ್ನು ಕತ್ತರಿಸದೆ ಅದರ ಮೇಲಿನ ಅಂಗಾಂಶವನ್ನಷ್ಟೇ ಸುಲಿದು ತೆಗೆಯುತ್ತಾರೆ. "ಹೊಟ್ಟೆ ತೆರೆದು ನೋಡದೆ ಇಲ್ಲ ಎನ್ನಬಾರದು" ಎಂಬುದು ಇಂಥವರ ವಾದ. "ನಿಮ್ಮ ರೋಗಿಗಳು ಆರಿಸಿದವರು, ಸೊರಗಿದ ದೇಹಕ್ಕೆ ಇಷ್ಟು ದೊಡ್ಡ ಆಪರೇಷನ್ ಉಳಿದ ತಿಂಗಳನ್ನೂ ಕಸಿಯುತ್ತದೆ" ಎಂದು ಉಳಿದವರು. ನಮಗೆ ಎರಡೂ ಸರಿಯೆನಿಸುತ್ತವೆ.

ನಾಲ್ಕು ಖಂಡಗಳ 150ಕ್ಕೂ ಹೆಚ್ಚು ಸರ್ಜನ್ನರಿಗೆ ಒಂದೇ ರೋಗಿಗಳ ವಿವರ ಕೊಟ್ಟು ಕೇಳಿದ ಸಮೀಕ್ಷೆಯೊಂದು 2021ರಲ್ಲಿ ಅಮೆರಿಕದ ಸರ್ಜರಿ ಪತ್ರಿಕೆಯಲ್ಲಿ ಬಂತು. ಔಷಧಿ ಎರಡು ತಿಂಗಳೋ, ನಾಲ್ಕೋ, ಆರೋ ಎಂಬುದರಲ್ಲೂ ಅವರಿಗೆ ಒಮ್ಮತವಿರಲಿಲ್ಲ.

ಆದ್ದರಿಂದ ಎರಡನೆಯ ಡಾಕ್ಟರರಲ್ಲಿಗೆ ಹೋಗುವಾಗ ವರದಿಯ ಕಾಗದವಷ್ಟೇ ಅಲ್ಲ, ಸ್ಕ್ಯಾನಿನ ಸಿ.ಡಿ.ಯನ್ನೂ ಒಯ್ಯಿರಿ. ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ, ಸಿ.ಎ. 19-9 ಎಂಬ ರಕ್ತಪರೀಕ್ಷೆಯ ಅಂಕಿ ಇಳಿದಿದೆಯೇ, ಕೀಮೋ ವೈದ್ಯರೂ ಕೂತು ಚರ್ಚಿಸಿದ್ದೀರಾ ಎಂದು ಸಂಕೋಚವಿಲ್ಲದೆ ಕೇಳಿರಿ. ಮಾಲು ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವ ನಾವು ಇಲ್ಲಿ ಮಾತ್ರ ಏಕೆ ಬಾಯಿ ಮುಚ್ಚುತ್ತೇವೋ!

ಇನ್ನೊಂದು, ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ಈ ರೋಗದಲ್ಲಿ, ಅದರಲ್ಲೂ ಆಪರೇಷನ್ ನಂತರ, ಅನ್ನ ಜೀರ್ಣವಾಗಲು ಕೊಡುವ ಕ್ಯಾಪ್ಸೂಲಿನ ಪ್ಯಾಂಕ್ರಿಯಾಟಿನ್ ಹಂದಿಯ ಗ್ರಂಥಿಯಿಂದ ತೆಗೆದದ್ದು. ಹಿರಿಯರಿಗೆ ತಡವಾಗಿ ತಿಳಿದು ದಿಢೀರನೆ ನಿಲ್ಲಿಸಿದರೆ ತೂಕ ಇಳಿಯುತ್ತದೆ. ಬೇರೆ ದಾರಿ ಏನಿದೆ, ಅದರ ಬಲ ಎಷ್ಟು ಎಂಬುದನ್ನು ಆಪರೇಷನ್ನಿನ ತಾರೀಖು ಗೊತ್ತು ಮಾಡುವ ದಿನವೇ ಡಾಕ್ಟರರೊಡನೆ ಮಾತಾಡಿಕೊಳ್ಳಿರಿ.