ಬೋಲ್ಟು ಹಿಡಿಯದಾದಾಗ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಗೂ ಕಾರಿನ ಬೋಲ್ಟಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನನ್ನ ಸೋದರಮಾವನದು ಸಣ್ಣದೊಂದು ಗ್ಯಾರೇಜು. ರಜೆಯ ದಿನಗಳಲ್ಲಿ ಅಲ್ಲಿ ಸ್ಪ್ಯಾನರು ಎತ್ತಿಕೊಡುವುದು ನನ್ನ ಕೆಲಸ. ಅಲ್ಲಿ ಕಣ್ಣಾರೆ ಕಂಡು, ಕೇಳಿ ತಿಳಿದುಕೊಂಡ ಒಂದು ರಿಪೇರಿಯ ವಿಷಯವನ್ನು, ಯಂತ್ರಗಳ ಪರಿಚಯವಿಲ್ಲದವರಿಗೂ ಅರ್ಥವಾಗುವಂತೆ ಹೇಳಬೇಕೆಂಬುದೇ ಈ ಲೇಖನದ ಉದ್ದೇಶ.

ಕಾರಿನ ಗೇರುಗಳೆಲ್ಲ ಎಣ್ಣೆಯಲ್ಲಿ ನೆನೆಯುತ್ತ ಒಂದು ಕವಚದೊಳಗೆ ತಿರುಗುತ್ತವೆ. ಗ್ಯಾರೇಜಿನವರ ಮಾತಿನಲ್ಲಿ ಇದು 'ಹೌಸಿಂಗು'. ಹಿಂದೆ ಇಂತಹ ಕವಚಗಳನ್ನು ಬೀಡು ಕಬ್ಬಿಣದಲ್ಲಿ ಎರಕ ಹೊಯ್ಯುತ್ತಿದ್ದುದುಂಟು. ಈಗ ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹವನ್ನೇ ಬಳಸುತ್ತಾರೆ. ಅಲ್ಯೂಮಿನಿಯಂ ತೂಕದಲ್ಲಿ ಕಬ್ಬಿಣದ ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಆದರೆ ತೂಕದೊಡನೆ ಗಡಸುತನವೂ ಇಳಿಯಿತು. ಕವಚವನ್ನು ಬಿಗಿಯುವ ಬೋಲ್ಟೋ, ಇಂದಿಗೂ ಉಕ್ಕಿನದೇ. ತಲೆಯ ಮೇಲೆ 8.8 ಎಂಬ ಗುರುತುಳ್ಳ ಬೋಲ್ಟು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 800 ನ್ಯೂಟನ್ ಎಳೆತವನ್ನು ತಾಳಬಲ್ಲದು. ಎರಕದ ಅಲ್ಯೂಮಿನಿಯಂ ಸಾಮಾನ್ಯವಾಗಿ ಅದರ ಅರ್ಧವನ್ನೂ ತಾಳಲಾರದು. ಇವೆರಡರ ಜಗ್ಗಾಟದಲ್ಲಿ ಸೋಲುವುದು ಯಾವುದೆಂದು ಹೇಳಬೇಕಾದದ್ದಿಲ್ಲ.

ಬೋಲ್ಟಿನ ಮೈಮೇಲೂ ತೂತಿನ ಒಳಗೋಡೆಯಲ್ಲಿಯೂ ಇರುವ ತಿರುಪಿನ ಏಣುಗಳಿಗೆ 'ಥ್ರೆಡ್' ಎನ್ನುತ್ತಾರೆ. ಬೋಲ್ಟನ್ನು ಬಿಗಿದಾಗ ಅದು ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಬೇಕೆಂಬ ಅದರ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವ ಬಲ. ಈ ಭಾರವೆಲ್ಲ ಏಣುಗಳ ಮೇಲೆ, ಅದರಲ್ಲಿಯೂ ಮೊದಲ ಕೆಲವು ಸುತ್ತುಗಳ ಮೇಲೆ, ಬೀಳುತ್ತದೆ. ಉದ್ದನೆಯ ಸ್ಪ್ಯಾನರಿನಿಂದ ಮಿತಿಮೀರಿ ಬಿಗಿದರೆ, ಓರೆಯಾಗಿ ತೊಡಿಸಿದರೆ, ಪದೇ ಪದೇ ಬಿಚ್ಚಿ ಹಾಕಿದರೆ ಅಲ್ಯೂಮಿನಿಯಂ ಏಣುಗಳು ಕತ್ತರಿಸಿಹೋಗುತ್ತವೆ. ಆಮೇಲೆ ಬೋಲ್ಟು ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ, ಹಿಡಿಯುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಬಾಡಿಗೆ ಕಾರು ಓಡಿಸುವವರೊಬ್ಬರು ಇದೇ ತೊಂದರೆಯಿಂದ ಬಂದರು. ಗೇರ್ ಬಾಕ್ಸಿನ ಸಂದಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಎಣ್ಣೆ ಬರಿದಾದರೆ ಗೇರುಗಳು ಸುಟ್ಟುಹೋಗುತ್ತವೆ. ಇನ್ನೊಂದು ಕಡೆ ಹೌಸಿಂಗನ್ನೇ ಬದಲಾಯಿಸಬೇಕೆಂದು ಹೇಳಿದ್ದರಂತೆ. "ಮಗಳ ಫೀಜು ಕಟ್ಟೋ ತಿಂಗಳು ಅಣ್ಣಾ, ಅಷ್ಟು ದುಡ್ಡು ಎಲ್ಲಿಂದ ತರಲಿ?" ಎಂದರು. ಮಾವ ಬೆರಳಿನಿಂದ ತೂತನ್ನು ಸವರಿ ನೋಡಿ, "ಹೌಸಿಂಗಿಗೇನೂ ಆಗಿಲ್ಲ ಕಣಪ್ಪಾ, ಒಂದು ಥ್ರೆಡ್ ಹೋಗಿದೆ ಅಷ್ಟೆ. ನೆಗಡಿ ಬಂತೂಂತ ಮೂಗು ಕುಯ್ಕೊಳ್ಳೋಕಾಗುತ್ತಾ?" ಎಂದರು.

ಇಂತಹ ತೂತಿಗೆ ಅಂಟು ತುಂಬುವುದು, ಬೋಲ್ಟಿಗೆ ಟೇಪು ಸುತ್ತುವುದು ಮೊದಲಾದ ಉಪಾಯಗಳುಂಟು. ಏಣುಗಳೇ ಇಲ್ಲದ ಮೇಲೆ ಅವು ಭಾರ ಹೊರಲಾರವು. ಸರಿಯಾದ ಮಾರ್ಗವೆಂದರೆ ಕೆಟ್ಟ ಏಣುಗಳನ್ನು ತೆಗೆದು ಉಕ್ಕಿನ ಏಣುಗಳನ್ನು ಕೂರಿಸುವುದು. ಆ ಬೋಲ್ಟು 8 ಮಿಲಿಮೀಟರಿನದು. ಏಣಿನಿಂದ ಏಣಿಗೆ 1.25 ಮಿಲಿಮೀಟರು. ಮೊದಲು 8.3 ಮಿಲಿಮೀಟರಿನ ಡ್ರಿಲ್ಲಿನಿಂದ ತೂತನ್ನು ನೆಟ್ಟಗೆ ದೊಡ್ಡದು ಮಾಡಿದರು. ಲೋಹದ ಚೂರು ಒಳಗೆ ಬಿದ್ದರೆ ಗೇರುಗಳಿಗೆ ಅಪಾಯ. ಆದುದರಿಂದ ಡ್ರಿಲ್ಲಿಗೆ ಗ್ರೀಸು ಬಳಿದಿದ್ದರು, ಚೂರುಗಳು ಅದಕ್ಕೆ ಅಂಟಿಕೊಂಡು ಬಂದವು. ಬಳಿಕ ಈ ಕೆಲಸಕ್ಕೆಂದೇ ಇರುವ ಟ್ಯಾಪನ್ನು ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತ ಹೊಸ ಏಣುಗಳನ್ನು ಕೊರೆದರು. ಸಾಮಾನ್ಯ ಟ್ಯಾಪು ಇಲ್ಲಿಗೆ ಒದಗುವುದಿಲ್ಲ.

ಆಮೇಲೆ ಬಂದದ್ದು ಸ್ಟೇನ್‌ಲೆಸ್ ಉಕ್ಕಿನ ತಂತಿಯ ಸುರುಳಿ. 'ಹೆಲಿಕಾಯಿಲ್' ಎಂಬ ಹೆಸರಿನಿಂದ ಇದು ಪ್ರಸಿದ್ಧ. ನೋಡಲು ಪೆನ್ನಿನೊಳಗಿನ ಸ್ಪ್ರಿಂಗಿನ ಹಾಗೆ. ಆದರೆ ತಂತಿ ದುಂಡಗಿಲ್ಲ, ಅಡ್ಡಲಾಗಿ ಕತ್ತರಿಸಿ ನೋಡಿದರೆ ಇಸ್ಪೀಟಿನ ಡೈಮಂಡಿನ ಆಕಾರ. ಆದ್ದರಿಂದ ಅದರ ಹೊರ ಅಂಚು ಕವಚದ ಏಣುಗಳಲ್ಲಿ ಕೂರುತ್ತದೆ, ಒಳ ಅಂಚು ಬೋಲ್ಟಿಗೆ ಏಣಾಗುತ್ತದೆ. ಸುರುಳಿ ತೂತಿಗಿಂತ ತುಸು ದಪ್ಪ. ತಿರುಗಿಸಿ ಇಳಿಸುವಾಗ ಕುಗ್ಗಿ, ಬಿಟ್ಟೊಡನೆ ಅರಳಿ ಗೋಡೆಯನ್ನು ಹಿಡಿಯುತ್ತದೆ. ಅದರ ತುದಿಯನ್ನು ಮೇಲ್ಮೈಯಿಂದ ಕಾಲು ಅರ್ಧ ಸುತ್ತಿನಷ್ಟು ಕೆಳಗೆ ನಿಲ್ಲಿಸಿ, ತಿರುಗಿಸಲೆಂದು ತಳದಲ್ಲಿ ಬಿಟ್ಟಿದ್ದ ಅಡ್ಡ ಕೊಕ್ಕೆಯನ್ನು ಮುರಿದು ಹೊರತೆಗೆದರು. ಹಳೆಯ ಅಳತೆಯ ಬೋಲ್ಟೇ ಗಟ್ಟಿಯಾಗಿ ಕೂತಿತು. ಸಂಜೆಯ ಹೊತ್ತಿಗೆ ಕಾರು ಬಾಡಿಗೆಗೆ ಹೊರಟಿತು.

ಇದು ತೇಪೆಯ ಕೆಲಸವಲ್ಲವೆ ಎಂಬ ಸಂದೇಹ ನನಗೂ ಬಂದಿತ್ತು. ಯೋಚಿಸಿದರೆ ವಿಷಯ ಬೇರೆ. ಮೊದಲು ಅಲ್ಯೂಮಿನಿಯಂ ಹಿಡಿದಿದ್ದುದು 8 ಮಿಲಿಮೀಟರು ಅಗಲದ ತಿರುಪನ್ನು. ಈಗ ಹಿಡಿದಿರುವುದು ಸುಮಾರು 9.6 ಮಿಲಿಮೀಟರಿನದನ್ನು. ಅಂದರೆ ಸುತ್ತಳತೆ ಐದರಲ್ಲೊಂದು ಪಾಲು ಹೆಚ್ಚಿತು. ತಂತಿ ಸ್ವಲ್ಪ ಬಾಗುವುದರಿಂದ ಭಾರವೂ ಮೊದಲ ಸುತ್ತುಗಳಲ್ಲೇ ನಿಲ್ಲದೆ ಹಂಚಿಹೋಗುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನಿನ ಕವಚ ಮೆಗ್ನೀಸಿಯಂ ಮಿಶ್ರಲೋಹದ್ದು. ಸಿಲಿಂಡರುಗಳನ್ನು ಹಿಡಿಯುವ ಉಕ್ಕಿನ ಸ್ಟಡ್ಡುಗಳು ಅದರಿಂದ ಕಿತ್ತುಬರುತ್ತಿದ್ದವು. ಕೊನೆಗೆ 1970ರ ದಶಕದಲ್ಲಿ ಕಾರ್ಖಾನೆಯವರೇ ಉಕ್ಕಿನ ಬುಷ್ಷುಗಳನ್ನು ಕೂರಿಸಿದ ಕವಚಗಳನ್ನು ತಯಾರಿಸತೊಡಗಿದರು. ರಿಪೇರಿಯೇ ಅಲ್ಲಿ ನಿರ್ಮಾಣದ ಕ್ರಮವಾಯಿತು!

ಎಲ್ಲ ಕವಚಗಳಿಗೂ ಇದು ಮದ್ದೆಂದು ತಿಳಿಯಬಾರದು. ತೂತಿನ ಸುತ್ತ ಬಿರುಕು ಬಿಟ್ಟಿದ್ದರೆ, ಗೋಡೆ ತೀರ ತೆಳುವಾಗಿದ್ದರೆ ಸುರುಳಿ ನಿಲ್ಲುವುದಿಲ್ಲ. ಬಿಗಿತಕ್ಕೂ ಮಿತಿಯುಂಟು: ತಯಾರಕರ ಪುಸ್ತಕದಲ್ಲಿ ಕೊಟ್ಟಷ್ಟನ್ನೇ ಟಾರ್ಕ್ ಸ್ಪ್ಯಾನರಿನಿಂದ ಅಳೆದು ಬಿಗಿಯಬೇಕು. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಬೋಲ್ಟಿಗೂ ಸಲ್ಲುತ್ತದೆ. ಆದರೆ ಅಂಗೈಯಲ್ಲಿ ಹಿಡಿಸುವ ತಂತಿಯ ಸುರುಳಿಯಿಂದ ಸರಿಹೋಗುವುದಕ್ಕಾಗಿ ಇಡೀ ಕವಚವನ್ನು ಗುಜರಿಗೆ ಎಸೆಯುವ ಮುನ್ನ, ಕೆಟ್ಟಿರುವುದು ನಿಜವಾಗಿ ಎಷ್ಟು ಎಂದು ಬೆರಳಿಟ್ಟು ನೋಡುವುದು ಒಳ್ಳೆಯದು.