ಬೇಜಾರು ಎಂದರೇನು? ಚಿಕಿತ್ಸಾ ಮನೋವಿಜ್ಞಾನ ಮತ್ತು ಗಡಿಯಾಚೆಯ ಕನ್ನಡ

ಪಾರಸೀ ಮೂಲದ 'ಬೇಜಾರ್' ಎಂಬ ಪದವು ದಕ್ಷಿಣದ ಭಾಷೆಗಳಲ್ಲೆಲ್ಲ ನೆಲೆಯೂರಿದೆ. ಆದರೆ ಎಲ್ಲೆಡೆಯೂ ಒಂದೇ ಅರ್ಥದಲ್ಲಿ ಅಲ್ಲ. ಕನ್ನಡದಲ್ಲಿ ಅದು 'ಬೇಸರ'ದ ನೆರೆಯಲ್ಲಿ ನಿಂತು ದುಃಖ, ನೊಂದ ಮನಸ್ಸು, ಹೊತ್ತು ಹೋಗದಿರುವಿಕೆ ಎಂಬ ಮೂರು ಛಾಯೆಗಳನ್ನೂ ಪಡೆದಿದೆ. ಮರಾಠಿಯಲ್ಲಿ ಅದು ಕಾಡಾಟದಿಂದ ರೋಸಿಹೋದ ಸ್ಥಿತಿ. ತೆಲುಗಿನಲ್ಲಿ ಸಾಕುಸಾಕೆನಿಸುವ ಜಿಗುಪ್ಸೆ. ಉತ್ತರ ಕೇರಳದ ಮಲಯಾಳದಲ್ಲಿ ಅದೇ ಪದಕ್ಕೆ ಕಳವಳ, ಗಾಬರಿ ಎಂಬ ಅರ್ಥವಿದೆ. ಚೆನ್ನೈಯ ಆಡುಮಾತಿನಲ್ಲಿ ಅದು ಬರಿಯ ಉಪದ್ರವ, ತಲೆನೋವು. ತೌಲನಿಕ ಅಧ್ಯಯನಕ್ಕೆ ಇದೊಂದು ಸ್ವಾರಸ್ಯಕರ ನಿದರ್ಶನ. ಮನೋಚಿಕಿತ್ಸೆಯ ಕೊಠಡಿಯಲ್ಲಿ ಮಾತ್ರ ಇದು ಸ್ವಾರಸ್ಯದ ಸಂಗತಿಯಾಗಿ ಉಳಿಯುವುದಿಲ್ಲ. ಕಾಸರಗೋಡಿನ ಕನ್ನಡ ಮನೆಮಾತಿನ ಮಹಿಳೆಯೊಬ್ಬರು "ತುಂಬ ಬೇಜಾರು" ಎಂದಾಗ, ಕೇಳುವವರು ಮಲಯಾಳದ ಕಿವಿಯಿಂದ ಕೇಳಿದರೆ ಆತಂಕವೆಂದು ಬರೆದುಕೊಳ್ಳಬಹುದು. ಹೇಳಿದವರ ಮನಸ್ಸಿನಲ್ಲಿದ್ದುದು ಖಿನ್ನತೆಯಾಗಿರಬಹುದು. ಇಬ್ಬರಿಗೂ ಪರಿಚಿತವೆನಿಸಿದ ಪದವಾದ್ದರಿಂದ ಯಾರೂ ಮತ್ತೊಮ್ಮೆ ವಿಚಾರಿಸುವುದಿಲ್ಲ. ತಿಳಿಯದ ಪದಕ್ಕಿಂತ ತಿಳಿದಂತೆ ತೋರುವ ಪದವೇ ಇಲ್ಲಿ ಹೆಚ್ಚು ಅಪಾಯಕಾರಿ.

ಈ ತೊಡಕು ಚಿಕಿತ್ಸಾ ಮನೋವಿಜ್ಞಾನದ ಅಂಚಿನದಲ್ಲ, ಆ ವೃತ್ತಿಯ ನಡುವಿನದು. ಮನೋವೈದ್ಯರು ವೈದ್ಯಶಾಸ್ತ್ರ ಕಲಿತು ಔಷಧಿ ಬರೆಯುವವರು. ಚಿಕಿತ್ಸಾ ಮನೋವಿಜ್ಞಾನಿಗಳು ಔಷಧಿ ಕೊಡುವುದಿಲ್ಲ. ಸಂದರ್ಶನ, ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಅವರ ಸಾಧನಗಳು. ಖಿನ್ನತೆಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಿಲ್ಲ. ರೋಗಿ ಏನು ಹೇಳಿದರು, ಹೇಗೆ ಹೇಳಿದರು, ಎಲ್ಲಿ ತಡೆದರು ಎಂಬುದೇ ಇಲ್ಲಿ ಮುಖ್ಯ ಸಾಕ್ಷ್ಯ. ಭಾರತದಲ್ಲಿ ಈ ವೃತ್ತಿಶಿಕ್ಷಣದ ಆರಂಭಿಕ ನೆಲೆ ಬೆಂಗಳೂರು. 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೇ 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯಿದೆ ಈ ವೃತ್ತಿಯನ್ನು ನೋಂದಣಿಯ ವ್ಯಾಪ್ತಿಗೆ ತಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಪರಿಷತ್ತು ಮಾನ್ಯ ಮಾಡಿದ ಅರ್ಹತೆಯನ್ನು, ಮುಖ್ಯವಾಗಿ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದ ಎರಡು ವರ್ಷಗಳ ಎಂ.ಫಿಲ್. ಪದವಿಯನ್ನು, ಈ ವೃತ್ತಿಯ ಲಕ್ಷಣವಾಗಿ ಹೇಳಿತು. ಈ ಅರ್ಹತೆಯು ರಾಷ್ಟ್ರಮಟ್ಟದ್ದು. ಅದನ್ನು ಬಳಸುವ ಭಾಷೆ ಯಾವುದೆಂಬ ಪ್ರಶ್ನೆಯನ್ನು ಈ ವ್ಯಾಖ್ಯೆ ಎತ್ತುವುದಿಲ್ಲ.

ವೃತ್ತಿಯ ಸಾಧನಗಳೂ ಭಾಷೆಯಿಂದಲೇ ಆದವು. ಖಿನ್ನತೆಯನ್ನು ಗುರುತಿಸಲು ವ್ಯಾಪಕವಾಗಿ ಬಳಸುವ ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳ ಅನುಭವಕ್ಕೆ ಪ್ರತಿ ಪ್ರಶ್ನೆಯಲ್ಲೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ತಪಾಸಣೆಗೆ ಕಾರಣವುಂಟೆಂದು ತಿಳಿಯಲಾಗುತ್ತದೆ. ಒಂದೆರಡು ಪ್ರಶ್ನೆಗಳು ಬೇರೆ ಅರ್ಥದಲ್ಲಿ ಗ್ರಹಿಕೆಯಾದರೆ ವ್ಯಕ್ತಿಯು ಈ ಗೆರೆಯ ಈಚೆಗೋ ಆಚೆಗೋ ಸರಿದುಬಿಡುತ್ತಾರೆ. ಬೆಂಗಳೂರಿನ ಗ್ರಂಥಭಾಷೆಯ ಅನುವಾದವನ್ನು ಗಡಿಯಾಚೆಗೆ ಒಯ್ದ ಮಾತ್ರಕ್ಕೆ ಇದು ಪರಿಹಾರವಾಗದು. ಅಕ್ಕಲಕೋಟೆಯ ಕೃಷಿ ಕಾರ್ಮಿಕನಿಗಾಗಲಿ ತಾಳವಾಡಿಯ ಅಜ್ಜಿಗಾಗಲಿ 'ಖಿನ್ನತೆ', 'ನಿರಾಸಕ್ತಿ' ಎಂಬ ಪದಗಳು ಮರಾಠಿ, ತಮಿಳಿನ ಶಿಷ್ಟ ಪದಗಳಷ್ಟೇ ದೂರ. ಜೀವ ಸಾಕಾಗಿದೆ, ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಏಳುವುದಿಲ್ಲ: ದುಃಖವು ಜನರ ಬಾಯಲ್ಲಿ ಹೀಗೆ ಬಹಳ ಸಲ ದೇಹದ ಮಾತಾಗಿಯೇ ಬರುತ್ತದೆ.

ಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರ. ಬಿನೆ ಅವರ ಬುದ್ಧಿಮಾಪನವನ್ನು ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಪ್ರಸಿದ್ಧವಾದ ಅದು ಇಂದಿಗೂ ಬಳಕೆಯಲ್ಲಿದೆ. ಮುಂಬಯಿ ಪ್ರಾಂತದಲ್ಲಿ ಎರಡೂ ಭಾಷೆಗಳ ಮಕ್ಕಳು ಒಂದೇ ಆಡಳಿತದ ಅಡಿಯಲ್ಲಿದ್ದ ಕಾಲವದು. ಪರೀಕ್ಷೆಯೂ ಎರಡು ಭಾಷೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಆದರೂ ಕನ್ನಡದ ಮಗು, ಮರಾಠಿಯ ಮಗು ಎಂಬ ವಿಭಜನೆಯಲ್ಲಿ ಮೂರನೆಯ ಮಗುವೊಂದಿದೆ: ಜತ್ತದಲ್ಲಿ ಮನೆಯಲ್ಲಿ ಕನ್ನಡವಾಡುತ್ತ, ಶಾಲೆಯಲ್ಲಿ ಮರಾಠಿಯಲ್ಲಿ ಎಣಿಕೆ ಕಲಿಯುವ ಮಗು. ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುವುದಕ್ಕೆ ಅದಕ್ಕೆ ಮರಾಠಿ ಬೇಕು. ಪದಗಳ ಅರ್ಥವನ್ನೋ ಎರಡು ವಸ್ತುಗಳ ಸಾಮ್ಯವನ್ನೋ ಕೇಳುವುದಕ್ಕೆ ಕನ್ನಡ ಬೇಕು. ಪರೀಕ್ಷೆಯನ್ನು ಒಂದೇ ಭಾಷೆಯಲ್ಲಿ ಮುಗಿಸಿದರೆ ಮಗುವಿನ ಬುದ್ಧಿಯ ಜೊತೆಗೆ ಭಾಷೆಯ ಕೊರತೆಯೂ ಅಳತೆಗೆ ಸೇರುತ್ತದೆ. ಕೊನೆಗೆ ಬರುವ ಅಂಕಿಯಲ್ಲಿ ಎರಡನ್ನೂ ಬೇರ್ಪಡಿಸಲಾಗದು.

ಆ ಅಂಕಿಗೆ ಕಾನೂನಿನ ತೂಕವೂ ಉಂಟು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಡಿ ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಬೌದ್ಧಿಕ ವೈಕಲ್ಯದ ನಿರ್ಣಯದಲ್ಲಿ ಇಂಥ ಪರೀಕ್ಷೆಗಳಿಗೆ ಪಾತ್ರವಿದೆ. ತಪ್ಪು ಎರಡು ದಿಕ್ಕಿನಲ್ಲಿ ಸಂಭವಿಸಬಹುದು. ಚುರುಕಾದ ಮಗು ಮಂದಬುದ್ಧಿಯದೆಂಬ ಹಣೆಪಟ್ಟಿ ಹೊತ್ತು ಬೆಳೆಯಬಹುದು. ನಿಜವಾಗಿ ನೆರವು ಬೇಕಾದ ಮಗುವನ್ನು "ಭಾಷೆ ಬಾರದು, ಅಷ್ಟೇ" ಎಂದು ಮನೆಗೆ ಕಳುಹಿಸಬಹುದು. ಎರಡನೆಯದು ಸದ್ದಿಲ್ಲದೆ ನಡೆಯುವ ಅನ್ಯಾಯ. ಭಾಷಾಭಿಮಾನದ ಚರ್ಚೆಗಳಲ್ಲಿ ಅದು ಕಾಣಿಸಿಕೊಳ್ಳುವುದು ಕಡಿಮೆ.

ಸೇವೆಯ ಆಡಳಿತವೂ ರಾಜ್ಯದ ಗಡಿಯನ್ನೇ ಅನುಸರಿಸುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು 1996ರಲ್ಲಿ ಆರಂಭವಾಗುವ ಮೊದಲು, 1980ರ ದಶಕದಲ್ಲಿ, ಅದರ ಮಾದರಿ ಪ್ರಯೋಗವನ್ನು ನಿಮ್ಹಾನ್ಸ್ ನಡೆಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದೆಂದು ತೋರಿಸಿದ್ದು ಆ ಪ್ರಯೋಗದ ಹೆಚ್ಚುಗಾರಿಕೆ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಅದೇ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ದೇಶಕ್ಕೆ ಮಾದರಿಯಾದ ಪ್ರಯೋಗ ನಡೆದಾಗ ಅವು ಆಂಧ್ರದಲ್ಲಿದ್ದವು. ನೆಂಟಸ್ತಿಕೆ, ಸಂತೆ, ಹರಕೆಗಳು ಗಡಿ ದಾಟುತ್ತವೆ. ರೋಗಿಯ ಕಡತ ದಾಟುವುದಿಲ್ಲ.

2017ರ ಕಾಯಿದೆಯ 22ನೆಯ ಪ್ರಕರಣದ ಪ್ರಕಾರ, ಮಾನಸಿಕ ಅಸ್ವಸ್ಥತೆಯುಳ್ಳ ವ್ಯಕ್ತಿಯು ತನಗೆ ಅರ್ಥವಾಗುವ ಭಾಷೆಯಲ್ಲಿ ಮತ್ತು ರೂಪದಲ್ಲಿ ಮಾಹಿತಿ ಪಡೆಯಲು ಹಕ್ಕುಳ್ಳವನು. ಇದು ಅಮೂಲ್ಯವಾದ ಹಕ್ಕು. ಆದರೆ ಅದು ಆಸ್ಪತ್ರೆ ಹೇಳುವ ಮಾತಿಗೆ ಸಂಬಂಧಿಸಿದ್ದು. ರೋಗಿ ಹೇಳುವ ಮಾತು ಯಾವ ಭಾಷೆಯಲ್ಲಿ ಕೇಳಿಸಬೇಕೆಂಬುದು ಬೇರೆಯೇ ಪ್ರಶ್ನೆ. ಮನೆಯವರೇ ದುಭಾಷಿಗಳಾದಾಗ ಅದರ ಕಷ್ಟ ತಿಳಿಯುತ್ತದೆ. ಗಂಡನ ಮೂಲಕ ಹೆಂಡತಿ ಗಂಡನ ಮನೆಯ ನೋವನ್ನು ಹೇಳಲಾರಳು. ತಾಯಿ ಸಾವಿನ ಮಾತೆತ್ತಿದರೆ ಅನುವಾದಿಸುವ ಮಗ ಅದನ್ನು "ಸ್ವಲ್ಪ ಬೇಜಾರು" ಎಂದು ತಗ್ಗಿಸಿ ಹೇಳಬಹುದು. ಅವನ ಉದ್ದೇಶ ತಾಯಿಯ ಮಾನ ಕಾಯುವುದು. ಪರಿಣಾಮ, ಆತ್ಮಹತ್ಯೆಯ ಯೋಚನೆಯೊಂದು ದಾಖಲಾಗದೆ ಹೋಗುವುದು.

ಆಗಬೇಕಾದ ಕೆಲಸಗಳಲ್ಲಿ ಕೆಲವು ಸಣ್ಣವು. ಮನೋವೈಜ್ಞಾನಿಕ ವರದಿಯ ಮೊದಲ ಪುಟದಲ್ಲೇ ಮನೆಮಾತು, ಶಾಲೆಯ ಭಾಷೆ, ಪರೀಕ್ಷೆ ನಡೆದ ಭಾಷೆ, ದುಭಾಷಿ ಯಾರು ಎಂಬ ನಾಲ್ಕು ಸಂಗತಿಗಳಿದ್ದರೆ, ಮುಂದೆ ಓದುವವರಿಗೆ ಅಂಕಿಯ ಮಿತಿ ತಿಳಿಯುತ್ತದೆ. ರೋಗಿಯು ಭಾವನೆಯ ಪದವನ್ನಾಡಿದಾಗ ಅದರ ಸಮಾನಪದ ಹುಡುಕುವ ಬದಲು, "ಬೇಜಾರಾದಾಗ ಏನಾಗುತ್ತದೆ? ನಿದ್ರೆ, ಊಟ ಹೇಗಿದೆ?" ಎಂದು ವಿವರಣೆ ಕೇಳಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ, ಅಂದರೆ 14416, ಭಾಷೆಯನ್ನು ಆರಿಸಿಕೊಳ್ಳಲು ಅವಕಾಶ ನೀಡುತ್ತದೆ. ಗಡಿಯಾಚೆಯ ಕನ್ನಡಿಗರಿಗೆ ಇದು ತಿಳಿದಿರಬೇಕು.

ಉಳಿದ ಕೆಲಸ ನಮ್ಮಂಥವರದು. ಮನಸ್ಸಿನ ಕಾಯಿಲೆಯನ್ನು ಕನ್ನಡದಲ್ಲಿ ವಿವರಿಸುವ ಪರಂಪರೆ ಹೊಸದಲ್ಲ: ವೈದ್ಯರೂ ಹಾಸ್ಯ ಲೇಖಕರೂ ಆಗಿದ್ದ ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಆದರೆ ವೈದ್ಯರು ಜನರಿಗೆ ಹೇಳುವ ಕನ್ನಡ ಒಂದು, ಜನರು ವೈದ್ಯರಿಗೆ ಹೇಳುವ ಕನ್ನಡ ಇನ್ನೊಂದು. ಎರಡನೆಯದರ ಕೋಶವನ್ನು ಊರೂರಿನಲ್ಲಿ, ನೆರೆಭಾಷೆಗಳ ಅರ್ಥಛಾಯೆಗಳೊಡನೆ, ಸಿದ್ಧಪಡಿಸಬಲ್ಲವರು ಎರಡು ಭಾಷೆಗಳ ನಡುವೆ ಬಾಳಿದ ವಿದ್ವಾಂಸರು. ಮನೋವಿಜ್ಞಾನಿಗಳಿಗೆ ಪರೀಕ್ಷಾವಿಧಾನ ಗೊತ್ತು. ಯಾವ ಪದ ಎಲ್ಲಿ ಅರ್ಥ ಬದಲಿಸುತ್ತದೆಂಬುದು ನಮಗೆ ಗೊತ್ತು. ಈ ಎರಡು ತಿಳಿವಳಿಕೆಗಳು ಒಂದೇ ಮೇಜಿನ ಸುತ್ತ ಕೂಡಬೇಕು. ಕೋಶದ ಮೊದಲ ನಮೂದು 'ಬೇಜಾರು' ಆಗಿರಲಿ.