ತಾರಸಿಯ ಟ್ಯಾಂಕು ಮತ್ತು ನರಕೋಶ

ನರವೆಂದರೆ ಕರೆಂಟಿನ ವೈರು ಇದ್ದ ಹಾಗೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದು ಅರ್ಧ ಮಾತ್ರ ನಿಜ. ವೈರಿಗೆ ತನ್ನದೆಂಬ ಕಸುವಿಲ್ಲ, ಆ ತುದಿಯಲ್ಲಿ ಕೊಟ್ಟದ್ದನ್ನು ಈ ತುದಿಗೆ ದಾಟಿಸುತ್ತದೆ, ಅಷ್ಟೇ. ನರಕೋಶ ಮೊದಲೇ ಕೂಡಿಟ್ಟುಕೊಂಡು ಕೂತಿರುತ್ತದೆ. ಬೆಂಗಳೂರಿನ ಪದ್ಮನಾಭನಗರದವರು ಇದನ್ನು ತಿಳಿಯಲು ಕರೆಂಟು ಕೊಡುವ ಬೆಸ್ಕಾಂ ಬಿಟ್ಟು ಜಲಮಂಡಳಿಯ ಕಡೆ ನೋಡುವುದು ಒಳ್ಳೆಯದು.

ಕಾವೇರಿ ನೀರು ಬಿಟ್ಟ ದಿನ ಸಂಪು ತುಂಬುತ್ತದೆ, ಮೋಟಾರು ಹಾಕಿದರೆ ನೀರು ತಾರಸಿಯ ಟ್ಯಾಂಕಿಗೆ ಏರುತ್ತದೆ. ಆಮೇಲೆ ನಲ್ಲಿಯಲ್ಲಿ ನೀರು ಬರುವುದು ಎತ್ತರದ ಬಲದಿಂದ. ಆಗ ಮೋಟಾರು ಓಡುತ್ತಿರಬೇಕೆಂದಿಲ್ಲ. ನರಕೋಶದ ಪೊರೆಯಲ್ಲೂ ಇಂಥ ಪುಟ್ಟ ಮೋಟಾರುಗಳಿವೆ. ಪ್ರತಿ ಸುತ್ತಿಗೆ 3 ಸೋಡಿಯಂ ಅಯಾನುಗಳನ್ನು ಹೊರಗೆ ದಬ್ಬಿ, 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತವೆ. ಒಳಗಿನ ಪೊಟ್ಯಾಸಿಯಂ ಸ್ವಲ್ಪಸ್ವಲ್ಪ ಹೊರಗೆ ಸೋರುವುದರಿಂದ ಕೋಶದ ಒಳಭಾಗ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ಹೊರಗಿನ ಸೋಡಿಯಂ ಒಳನುಗ್ಗಲು ತುದಿಗಾಲಲ್ಲಿ ನಿಂತಿರುತ್ತದೆ. ಇದು ಪುಕ್ಕಟೆ ಕೆಲಸವಲ್ಲ: ತೂಕದಲ್ಲಿ ದೇಹದ ಶೇ. 2ರಷ್ಟಿರುವ ಮಿದುಳು, ನಾವು ಸುಮ್ಮನೆ ಕೂತಾಗಲೂ ಶೇ. 20ರಷ್ಟು ಶಕ್ತಿ ತಿನ್ನುತ್ತದೆ. ಅದರಲ್ಲಿ ದೊಡ್ಡ ಪಾಲು ಈ ಮೋಟಾರುಗಳಿಗೇ.

ಮೋಟಾರು ಕೆಟ್ಟರೆ? 1955ರಲ್ಲಿ ವಿಜ್ಞಾನಿಗಳಾದ ಅಲನ್ ಹಾಡ್ಜ್‌ಕಿನ್ ಮತ್ತು ರಿಚರ್ಡ್ ಕೀನ್ಸ್ ಇದನ್ನು ಪರೀಕ್ಷಿಸಿಯೇ ನೋಡಿದರು. ಮಂಗಳೂರಿನ ಕಡೆ ಬೊಂಡಾಸ್ ಎನ್ನುತ್ತಾರಲ್ಲ, ಆ ಸ್ಕ್ವಿಡ್ ಬಳಗದ ಕಡಲ ಪ್ರಾಣಿಗಳ ದಪ್ಪ ನರಕ್ಕೆ ವಿಷವುಣಿಸಿ ಮೋಟಾರು ನಿಲ್ಲಿಸಿದರು. ನರ ಮಾತ್ರ ಸಂದೇಶ ಒಯ್ಯುತ್ತಲೇ ಇತ್ತು. ಟ್ಯಾಂಕಿನಲ್ಲಿ ಇನ್ನೂ ನೀರಿತ್ತು.

ಹೋಲಿಕೆ ಎಡವುವುದು ನಲ್ಲಿಯ ಹತ್ತಿರ. ಮನೆಯ ನಲ್ಲಿಯನ್ನು ಕೊಂಚ ತಿರುಗಿಸಿದರೆ ಸಣ್ಣ ಧಾರೆ ಬರುತ್ತದೆ. ನರಕೋಶದಲ್ಲಿ ಆ ನಾಜೂಕಿಲ್ಲ. ಋಣ 70ರಿಂದ ಸುಮಾರು 55ಕ್ಕೆ ಇಳಿಯಿತೋ, ಬಾಗಿಲುಗಳು ಧಡಾರನೆ ತೆರೆದು ಸೋಡಿಯಂ ನುಗ್ಗುತ್ತದೆ. ಇಳಿಯಲಿಲ್ಲವೋ, ಏನೂ ಇಲ್ಲ. ಹಾಗಾದರೆ ಸೂಜಿ ಚುಚ್ಚಿದ್ದಕ್ಕೂ ಸುತ್ತಿಗೆ ಬಿದ್ದದ್ದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ಎಷ್ಟು ನರಗಳು, ಎಷ್ಟು ಬೇಗಬೇಗ ಮಿಡಿದವು ಎಂಬುದರಿಂದ. ಇನ್ನೊಂದು ವಿಚಿತ್ರವೂ ಇದೆ. ಇಲ್ಲಿ ಒಂದು ನಲ್ಲಿ ತೆರೆದರೆ ಪಕ್ಕದ್ದೂ ತಾನಾಗಿ ತೆರೆಯುತ್ತದೆ, ಅದು ಮುಂದಿನದನ್ನು ತೆರೆಸುತ್ತದೆ. ನರದುದ್ದಕ್ಕೂ ಓಡುವುದು ಈ ತೆರೆಯುವಿಕೆಯೇ. ಸೋಡಿಯಂ ಇದ್ದಲ್ಲೇ ಒಳಹೊಕ್ಕು ನಿಲ್ಲುತ್ತದೆ.

ದೂರದ ಪ್ರಯಾಣಕ್ಕೂ ಕಾವೇರಿಯೇ ಆಗಬಹುದು. ತೊರೆಕಾಡನಹಳ್ಳಿಯಲ್ಲಿ ಎತ್ತಿದ ನೀರು ಒಂದೇ ಉಸಿರಿಗೆ ಬೆಂಗಳೂರು ತಲುಪುವುದಿಲ್ಲ. ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಮತ್ತೆ ಪಂಪು ಮಾಡಬೇಕು. ವೇಗದ ನರಗಳಿಗೆ ಮಯಲಿನ್ ಎಂಬ ಕೊಬ್ಬಿನ ಕವಚವಿರುತ್ತದೆ. ಹೆಚ್ಚುಕಡಿಮೆ ಮಿಲಿಮೀಟರಿಗೊಂದರಂತೆ ಕವಚವಿಲ್ಲದ ಕಿರುಜಾಗಗಳಿದ್ದು, ಸಂದೇಶ ಅಲ್ಲಲ್ಲಿ ಮತ್ತೆ ಪೂರ್ತಿ ಬಲ ಪಡೆದು ಜಿಗಿಯುತ್ತದೆ. ಹೀಗೆ ಸೆಕೆಂಡಿಗೆ 100 ಮೀಟರ್ ದಾಟುವ ನರಗಳೂ ಇವೆ. ಕವಚವಿಲ್ಲದವು ಸೆಕೆಂಡಿಗೆ 1 ಮೀಟರಿನ ಆಸುಪಾಸು. ಕಾಲ್ಬೆರಳು ಹೊಸಿಲಿಗೆ ಎಡವಿದಾಗ ತಾಗಿದ್ದು ತಕ್ಷಣ ತಿಳಿದು, ಆ ಮಂದ ನೋವು ತುಸು ತಡವಾಗಿ ಬರುವುದು ಇದಕ್ಕೇ.

ಗಿಲನ್-ಬರೆ ಕಾಯಿಲೆಯಲ್ಲಿ ದೇಹದ ರಕ್ಷಣಾಪಡೆ ಹಲವು ಬಾರಿ ಈ ಕವಚದ ಮೇಲೆಯೇ ಬೀಳುತ್ತದೆ. ಕಾಲು ಸೋಲುತ್ತದೆ, ಕೆಲವರಿಗೆ ಉಸಿರಾಟವೂ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ನರದ ವೇಗವನ್ನು ಅಳೆದು ನೋಡುತ್ತಾರೆ. ಮಣಿಕಟ್ಟಿನಲ್ಲಿ ಚಿಕ್ಕದೊಂದು ಶಾಕ್, ಆಮೇಲೆ ಮೊಣಕೈಯಲ್ಲಿ. ಎರಡೂ ಸಲ ಹೆಬ್ಬೆರಳಿನ ಸ್ನಾಯು ಎಷ್ಟು ಹೊತ್ತಿಗೆ ಅದುರಿತೆಂದು ಯಂತ್ರ ಗುರುತಿಸುತ್ತದೆ. ನಡುವಿನ 20 ಸೆಂಟಿಮೀಟರಿಗೆ 4 ಮಿಲಿಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 50 ಮೀಟರ್, ಚಿಂತೆಯಿಲ್ಲ. ಕವಚ ಹಾಳಾಗಿದ್ದರೆ ಈ ಅಂಕಿ ಇಳಿಯುತ್ತದೆ. ಪ್ಲಾಸ್ಮಾ ಬದಲಾಯಿಸುವುದು ಅಥವಾ ಇಮ್ಯುನೊಗ್ಲಾಬ್ಯುಲಿನ್ ಕೊಡುವುದು ಇದರ ಚಿಕಿತ್ಸೆ. ಕವಚ ಮತ್ತೆ ಬೆಳೆಯಲು ವಾರಗಳು, ತಿಂಗಳುಗಳೇ ಹಿಡಿಯುತ್ತವೆ. ಆದರೂ ಹೆಚ್ಚಿನವರು ಮತ್ತೆ ಎದ್ದು ನಡೆದಾಡುತ್ತಾರೆ.